ಸಿಹಿ ಗೋಧಿ

ಮಾರ್ಚಿನಲ್ಲಿ ನಾವು ಹಿಮವನ್ನೇ ಉಳುತ್ತೇವೆ.
ನಗಬೇಡಿ. ತೊಬೋಲ್ ನದಿಯ ಈಚೆಗಿನ ಈ ಬಯಲಲ್ಲಿ
ಗಾಳಿಗೆ ಅಡ್ಡ ನಿಲ್ಲಲು ಒಂದು ಮರವೂ ಇಲ್ಲ.
ಅದಕ್ಕೇ ಸಾಲುಸಾಲು ಹಿಮದ ಬದು ಹಾಕಿ
ಓಡುವ ಹಿಮವನ್ನು ಹಿಡಿದು ಕೂರಿಸುತ್ತೇವೆ,
ಕರಗಿದರೆ ನಮ್ಮ ಮಣ್ಣಿಗೇ ಇಳಿಯಲಿ ಎಂದು.
ಯೆರ್ಮುಖಾನ್ ಅದನ್ನು ಬ್ಯಾಂಕು ಎನ್ನುತ್ತಾನೆ.
ನಾನು ಏನೂ ಅನ್ನುವುದಿಲ್ಲ. ನನ್ನದು
ಧಾನ್ಯಗೋಪುರದ ಬುಡದ ಪುಟ್ಟ ಪ್ರಯೋಗಾಲಯ:
ಒಂದು ಕಿಟಕಿ, ಒಂದು ತಕ್ಕಡಿ,
ಮೂವತ್ತೆರಡು ವರ್ಷ ಗೋಧಿ ಅಗಿದ ಹಲ್ಲು.

ಹತ್ತು ದಿನಕ್ಕೊಮ್ಮೆ ಜಿಲ್ಲಾ ಕಚೇರಿಗೆ ವರದಿ.
ಅದರಲ್ಲಿ ಮೂರೇ ಮನೆ: ಉತ್ತಮ, ಸಾಧಾರಣ, ಕಳಪೆ.
ಮೇ ಕೊನೆಗೆ ಬಿತ್ತನೆ ಮುಗಿದಾಗ ಉತ್ತಮ ಬರೆದೆ.
ಜೂನಿನಲ್ಲಿ ಮಳೆ ಬರಲಿಲ್ಲ.
ಜೂನಿನಲ್ಲಿ ಬಾರದಿರುವುದು ಇಲ್ಲಿ ಸುದ್ದಿಯಲ್ಲ,
ಅತ್ತೆಯ ಮುನಿಸಿನ ಹಾಗೆ,
ಎಷ್ಟು ದಿನ ಎಂಬುದಷ್ಟೇ ಲೆಕ್ಕ.
ನಾಲ್ಕೆಲೆಗೆ ಬಂದ ಪೈರು ನಿಂತೇ ಬಿಟ್ಟಿತು,
ತೆಂಡೆ ಒಡೆಯಲೋ ಬೇಡವೋ ಎಂದು ಯೋಚಿಸುತ್ತಾ.
ಬೇರು ಮಾತ್ರ ಮೆಲ್ಲಗೆ, ಯಾರಿಗೂ ಹೇಳದೆ,
ಮಾರ್ಚಿನ ಹಿಮವನ್ನು ಹುಡುಕಿಕೊಂಡು ಹೋಯಿತು.
ಸಾಧಾರಣ ಎಂದು ಬರೆದೆ.
ಆ ಮನೆ ಕಚೇರಿಯವರಿಗೂ ಇಷ್ಟ.

ಜುಲೈ ಎಂಟರ ರಾತ್ರಿ ತಗಡಿನ ಸೂರು ಮಾತಾಡಿತು.
ಎದ್ದು ಹೊರಗೆ ಬಂದರೆ, ಬೀದಿಯ ಪ್ರತಿ ಬಾಗಿಲಲ್ಲೂ
ಒಳಉಡುಪಿನಲ್ಲೇ ನಿಂತ ಗಂಡಸರು,
ಯಾರೂ ಯಾರನ್ನೂ ನೋಡದ ಹಾಗೆ.
ಹೊಡೆ ಬಿರಿಯಿತು. ತೆನೆ ಹೊರಬಂತು.
ಆಗಸ್ಟಿನಲ್ಲಿ ಕಾಳನ್ನು ಉಗುರಲ್ಲಿ ಒತ್ತಿದರೆ ಹಾಲು,
ವಾರ ಬಿಟ್ಟು ಒತ್ತಿದರೆ ಮೇಣ.
ಹೆಕ್ಟೇರಿಗೆ ಹದಿನೆಂಟು ಕ್ವಿಂಟಾಲ್ ಎಂದ ಯೆರ್ಮುಖಾನ್,
ಕೊಯ್ಲಿನ ಯಂತ್ರಕ್ಕೆ ಹೊಸ ಬೆಲ್ಟು ತರಿಸಿದ.
ಹದಿನೆಂಟು ಎಂದು ಬಾಯಿ ಬಿಟ್ಟು ಹೇಳಬಾರದಿತ್ತು.

ಆಮೇಲೆ ಒಂಬತ್ತು ದಿನ ಸೋನೆ.
ಹತ್ತನೆಯ ಬೆಳಿಗ್ಗೆ, ಕೊಯ್ಯದ ಹಳದಿಯ ಮೇಲೆ
ಹಿಟ್ಟು ಜರಡಿ ಹಿಡಿದಂತೆ ತೆಳ್ಳಗೆ ಹಿಮ.
ಮಧ್ಯಾಹ್ನಕ್ಕೆ ಅದೂ ಕರಗಿ, ಬಿಸಿಲು ಬಂತು,
ಏನೂ ಗೊತ್ತಿಲ್ಲದವರ ಮುಖ ಹೊತ್ತುಕೊಂಡು.

ಯಂತ್ರವಿದೆ ನನ್ನ ಬಳಿ, ಅಂಕಿ ತೋರಿಸುತ್ತದೆ.
ಆದರೂ ಮೊದಲು ಒಂದು ಚಿಟಿಕೆ ಬಾಯಿಗೆ.
ಒಳ್ಳೆಯ ಗೋಧಿ ಅಗಿದಷ್ಟೂ ಅಂಟು,
ಚಿಕ್ಕವರಿದ್ದಾಗ ಸಂಜೆವರೆಗೂ ಕೆನ್ನೆಯಲ್ಲಿಟ್ಟು
ಹಲ್ಲಿನಿಂದ ಹಲ್ಲಿಗೆ ಎಳೆಯುತ್ತಿದ್ದೆವು.
ಈ ಸಲ ಅಂಟಾಗಲಿಲ್ಲ.
ಕರಗಿತು, ಸಿಹಿಯಾಗಿ.

ಕಾಳು ತೆನೆಯಲ್ಲೇ ಕಣ್ಣು ಬಿಟ್ಟಿದೆ.
ಸೋನೆಯನ್ನು ಮಣ್ಣೆಂದು ನಂಬಿ
ಇದ್ದ ಪಿಷ್ಟವನ್ನೆಲ್ಲ ಸಕ್ಕರೆ ಮಾಡಿಕೊಂಡು
ಮೊಳೆಯಲು ಹೊರಟಿದೆ. ಅದರ ತಪ್ಪೇನು?
ಅದಕ್ಕೆ ಬರುವ ಕೆಲಸ ಅದೊಂದೇ.
ಆದರೆ ಈ ಹಿಟ್ಟಿನ ಬ್ರೆಡ್ಡು ಉಬ್ಬದು,
ಚಾಕುವಿಗೆ ಮೆತ್ತಿಕೊಳ್ಳುತ್ತದೆ;
ದನದ ಮೇವಿನ ದರಕ್ಕೆ ಹೋಗುತ್ತದೆ.

ಕಿಟಕಿಯಲ್ಲಿ ಯೆರ್ಮುಖಾನ್, ಅವನ ಹಿಂದೆ ಹನ್ನೊಂದು ಲಾರಿ.
'ಹೇಗಿದೆ, ಕ್ಯುಲ್ಪಾಶ್?'
'ಸಿಹಿ.'
ಟೋಪಿ ತೆಗೆದ. ಅದರೊಳಗೆ ಏನೋ ಇರುವಂತೆ ನೋಡಿದ.
ಮತ್ತೆ ಹಾಕಿಕೊಂಡ.
ಅವನ ಮೊಮ್ಮಗ ಮಾತ್ರ ತಟ್ಟೆಯಿಂದ ಹಿಡಿ ತುಂಬಿಕೊಂಡು
'ಹೋದ ವರ್ಷದ್ದು ಇಷ್ಟು ಚೆನ್ನಾಗಿರಲಿಲ್ಲ' ಎಂದ.

ಇನ್ನೊಂದು ಚೀಲ ಉಳಿದಿದೆ. ಲೀಡಿಯಾ ಶ್ಟೈನ್‌ಬ್ರೆಖರಳ
ರೈಲು ಹಳಿಯಾಚೆಗಿನ ಹೊಲದ್ದು.
ಟ್ರ್ಯಾಕ್ಟರ್ ಕೆಟ್ಟು ಎರಡು ವಾರ ತಡವಾಗಿ ಬಿತ್ತಿದ್ದಳು,
ಊರೆಲ್ಲ ಸೇರಿ ಬೈದಿದ್ದೆವು, ನಾನೂ.
ಸೋನೆ ಹಿಡಿದಾಗ ಅವಳ ತೆನೆ ಇನ್ನೂ ಹಸಿರಿತ್ತು,
ಮೊಳೆಯುವ ಬುದ್ಧಿ ಇನ್ನೂ ಬಂದಿರಲಿಲ್ಲ.
ವರದಿಯ ಮೂರೂ ಮನೆ ಖಾಲಿ ಇದೆ.
ಬಾಯಲ್ಲಿ ಅವಳ ಕಾಳಿದೆ.
ಅಗಿಯುತ್ತಿದ್ದೇನೆ. ಈಗಲೇ ಮಾತಾಡಿಸಬೇಡಿ.